ದೇವರ ಊರು, ಒಬ್ಬನ ಖಾತೆ

ಝಯಾನ್ ಊರಿನ ಬೀದಿಗಳ ಹೆಸರನ್ನು ಒಂದೊಂದಾಗಿ ಓದುತ್ತ ಹೋದರೆ ಬೈಬಲ್ಲಿನ ನಾಮಾವಳಿ ಓದಿದ ಹಾಗಾಗುತ್ತದೆ. ಬೇತೇಲ್, ಕರ್ಮೆಲ್, ದಮಸ್ಕ, ಎಲೀಯ, ಎಲೀಷ, ಎಜ್ರ, ಗಬ್ರಿಯೇಲ, ಗಲಿಲಾಯ, ಗಿದ್ಯೋನ, ಗಿಲ್ಯಾದ್, ಹೆಬ್ರೋನ್. ಉತ್ತರದಿಂದ ದಕ್ಷಿಣಕ್ಕೆ ಹಾಯುವ ರಸ್ತೆಗಳೆಲ್ಲ ಹೀಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಿಂತಿವೆ. ನಡುವೆ ಎರಡು ಹೆಸರು ಮಾತ್ರ ಬೇರೆ ಜಾತಿಯವು: ಎಡೈನಾ ಮತ್ತು ಕ್ಯಾಲಿಡೋನಿಯಾ. ಮೊದಲನೆಯದು ಎಡಿನ್‌ಬರೋ ನಗರಕ್ಕೆ, ಎರಡನೆಯದು ಸ್ಕಾಟ್ಲೆಂಡಿಗೆ ಕವಿಗಳು ಬಳಸುವ ಹೆಸರು. ಊರು ಕಟ್ಟಿದವನು ಪ್ರವಾದಿಗಳ ಸಾಲಿನಲ್ಲಿ ತನ್ನ ಹುಟ್ಟೂರಿಗೂ ಜಾಗ ಮಾಡಿಕೊಂಡಿದ್ದಾನೆ. ಆತನ ಸ್ವಭಾವ ತಿಳಿಯಲು ಇಷ್ಟು ಸಾಕು.

ಊರಿರುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ. ಶಿಕಾಗೊ ನಗರದಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್. ಇನ್ನು ಸ್ವಲ್ಪ ಮೇಲೆ ಹೋದರೆ ವಿಸ್ಕಾನ್ಸಿನ್ ಗಡಿ. ಕನ್ನಡ ಬೈಬಲ್ಲಿನಲ್ಲಿ ಚೀಯೋನ್ ಎಂದಿರುವ ಬೆಟ್ಟದ ಹೆಸರೇ ಈ ಊರಿನದು. ಬೆಟ್ಟವೇನೂ ಇಲ್ಲಿಲ್ಲ, ಸಪಾಟಾದ ನೆಲ, ಮರಳಿನ ದಂಡೆ, ಚಳಿಗಾಲದಲ್ಲಿ ಕೊರೆಯುವ ಗಾಳಿ. 1900ರಲ್ಲಿ ಇದು ಮೆಕ್ಕೆಜೋಳ ಬೆಳೆಯುವ, ಹಸು ಸಾಕುವ ರೈತರ ಹೊಲವಾಗಿತ್ತು. ಮೂರೇ ವರ್ಷದಲ್ಲಿ ಸಾವಿರಾರು ಜನರ ಪಟ್ಟಣವಾಯಿತು. ಪಟ್ಟಣವೆಂದರೆ ಬರೀ ಮನೆಗಳಲ್ಲ. ಯಾರು ಮೇಲು, ಯಾರು ಕೆಳಗೆ, ಯಾರು ಏನು ತಿನ್ನಬೇಕು, ಕಾಯಿಲೆ ಬಿದ್ದರೆ ಏನು ಮಾಡಬೇಕು, ದಾರಿಯಲ್ಲಿ ಎದುರಾದವರಿಗೆ ಯಾವ ಮಾತು ಆಡಬೇಕು ಎಂಬುದನ್ನೆಲ್ಲ ಒಬ್ಬನೇ ಮನುಷ್ಯ ಮೊದಲೇ ಕೂತು ಬರೆದಿಟ್ಟಿದ್ದ. ತಾನಾಗಿ ಬೆಳೆದ ಊರಿಗೆ ಇಂಥ ಸ್ಪಷ್ಟತೆ ಇರುವುದಿಲ್ಲ.

ಆ ಮನುಷ್ಯ ಜಾನ್ ಅಲೆಕ್ಸಾಂಡರ್ ಡೌಯಿ. ಹುಟ್ಟಿದ್ದು 1847ರಲ್ಲಿ ಎಡಿನ್‌ಬರೋದಲ್ಲಿ. ಹುಡುಗನಾಗಿದ್ದಾಗಲೇ ತಂದೆತಾಯಿಯ ಜೊತೆ ಆಸ್ಟ್ರೇಲಿಯಾಕ್ಕೆ ಹೋದ, ಓದಲು ಮತ್ತೆ ಎಡಿನ್‌ಬರೋಗೆ ಬಂದ, ತಿರುಗಿ ಆಸ್ಟ್ರೇಲಿಯಾಕ್ಕೆ ಹೋಗಿ ಸಭಾಪಾಲಕನಾದ. ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುತ್ತದೆ, ಔಷಧ ಪಾಪ, ವೈದ್ಯರು ಸೈತಾನನ ಕಡೆಯವರು ಎಂಬುದು ಆತನ ಬೋಧನೆ. 1888ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ.

1893ರಲ್ಲಿ ಶಿಕಾಗೊದಲ್ಲಿ ವಿಶ್ವ ಮೇಳ ನಡೆಯಿತು. ನಮಗೆ ಆ ವರ್ಷ, ಆ ಊರು ಎಂದ ಕೂಡಲೇ ನೆನಪಾಗುವುದು ಸೆಪ್ಟೆಂಬರ್ 11, ವಿವೇಕಾನಂದರು. ಎಲ್ಲ ಧರ್ಮಗಳೂ ಒಂದೇ ವೇದಿಕೆಯಲ್ಲಿ ಕೂತ ಸಮ್ಮೇಳನ ಅದೇ ಮೇಳದ ಅಂಗವಾಗಿ ನಡೆದಿತ್ತು. ಮೇಳದ ಬೇಲಿಯ ಆಚೆ, ಬಫಲೋ ಬಿಲ್ ಎಂಬಾತ ಕುದುರೆ ಬಂದೂಕುಗಳ ಆಟ ತೋರಿಸುತ್ತಿದ್ದ ಬಯಲಿನ ಎದುರಿಗೇ, ಡೌಯಿ ಮರದ ಹಲಗೆಯ ಗುಡಾರವೊಂದನ್ನು ಹಾಕಿಕೊಂಡಿದ್ದ. ಒಂದು ಕಡೆ ಧರ್ಮಗಳ ಸೌಹಾರ್ದ, ಇನ್ನೊಂದು ಕಡೆ ತನ್ನದೊಂದೇ ಸತ್ಯ ಎನ್ನುವವನ ಗುಡಾರ. ಮೊದಮೊದಲು ಜನ ಬರಲಿಲ್ಲ. ಕುಂಟುತ್ತ ಬಂದವರು ಊರುಗೋಲು ಬಿಸಾಡಿ ನಡೆದು ಹೋದರು ಎಂಬ ಸುದ್ದಿ ಹಬ್ಬಿದ ಮೇಲೆ ಜಾತ್ರೆ ಸೇರಿತು. ಬಿಟ್ಟುಹೋದ ಊರುಗೋಲು, ಪಟ್ಟಿಗಳನ್ನು ಗೋಡೆಗೆ ನೇತು ಹಾಕುತ್ತಿದ್ದರು. ರೋಗಿಗಳನ್ನು ಇರಿಸಿಕೊಳ್ಳುವ ಮನೆಗಳನ್ನು ತೆರೆದಾಗ, ಪರವಾನಗಿಯಿಲ್ಲದೆ ಆಸ್ಪತ್ರೆ ನಡೆಸುತ್ತಾನೆಂದು ನಗರಾಡಳಿತ ಕೇಸಿನ ಮೇಲೆ ಕೇಸು ಹಾಕಿತು. 1895ರಲ್ಲಿ ಮತ್ತೆಮತ್ತೆ ಬಂಧನ, ಮತ್ತೆಮತ್ತೆ ಜಾಮೀನು. ಪ್ರತಿ ಬಂಧನಕ್ಕೂ ಭಕ್ತರು ಹೆಚ್ಚಿದರು. 1896ರ ಫೆಬ್ರುವರಿಯಲ್ಲಿ ತನ್ನದೇ ಸಭೆ ಸ್ಥಾಪಿಸಿದ. ಹೆಸರು ಕ್ರಿಶ್ಚಿಯನ್ ಕ್ಯಾಥೊಲಿಕ್ ಚರ್ಚ್. ರೋಮಿನ ಪೋಪರಿಗೂ ಇದಕ್ಕೂ ಯಾವ ನಂಟೂ ಇರಲಿಲ್ಲ.

ಶಿಕಾಗೊ ಪಾಪದ ಊರು, ಅಲ್ಲಿದ್ದುಕೊಂಡು ಪುಣ್ಯವಂತರಾಗಿ ಬಾಳುವುದು ಕಷ್ಟ. ಆದ್ದರಿಂದ ನಮ್ಮದೇ ಊರು ಬೇಕು. ಇದು ಆತನ ತರ್ಕ. ಡೌಯಿ ಜಮೀನು ನೋಡುತ್ತಿದ್ದಾನೆಂದು ಗೊತ್ತಾದರೆ ಬೆಲೆ ಗಗನಕ್ಕೇರುತ್ತಿತ್ತು. ಹಾಗಾಗಿ ಮಧ್ಯವರ್ತಿಗಳ ಮೂಲಕ, ಕೊಳ್ಳುವವನ ಹೆಸರು ಬಾಯಿಬಿಡದೆ ಒಬ್ಬೊಬ್ಬ ರೈತನ ಜೊತೆ ಕರಾರು ನಡೆಯಿತು. 1899ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷ ಕಾಯುತ್ತ ಕೂತಿದ್ದ ಭಕ್ತರ ಮುಂದೆ ಪರದೆ ಸರಿಸಿ ದೊಡ್ಡದೊಂದು ನಕಾಶೆ ತೋರಿಸಿದ. ಸುಮಾರು 6,500 ಎಕರೆ, ಸರೋವರದ ಅಂಚಿನಲ್ಲಿ. ನಡುವೆ ದೇವಾಲಯಕ್ಕೆಂದು ದೊಡ್ಡ ಉದ್ಯಾನ, ಅಲ್ಲಿಂದ ನಾಲ್ಕು ದಿಕ್ಕಿಗೂ ನಾಲ್ಕು ಮೂಲೆಗೂ ಹೊರಡುವ ಹೆದ್ದಾರಿಗಳು. ಮೇಲಿಂದ ನೋಡಿದರೆ ಬ್ರಿಟಿಷರ ಬಾವುಟದ ಹಾಗೆ ಕಾಣುತ್ತದೆ ಎಂದು ಆಗಲೂ ಜನ ಆಡಿಕೊಂಡರು.

1901ರ ಜುಲೈಯಲ್ಲಿ ನಿವೇಶನಗಳ ಹಂಚಿಕೆ ಶುರುವಾಯಿತು. ಈ ಊರಿನ ಚರಿತ್ರೆಯ ಬೀಗದ ಕೈ ಇರುವುದು ಆ ಹಂಚಿಕೆಯ ಪತ್ರದಲ್ಲಿ. ನಿವೇಶನ ಯಾರಿಗೂ ಕ್ರಯಕ್ಕಿರಲಿಲ್ಲ. 1,100 ವರ್ಷದ ಗುತ್ತಿಗೆ ಮಾತ್ರ. ಕ್ರಿಸ್ತ ನೂರು ವರ್ಷದೊಳಗೆ ಮರಳಿ ಬರುತ್ತಾನೆ, ಬಂದ ಮೇಲೆ ಸಾವಿರ ವರ್ಷ ಆಳುತ್ತಾನೆ. ನೂರು ಕೂಡಿಸು ಸಾವಿರ, ಅಲ್ಲಿಗೆ ಲೆಕ್ಕ ಸರಿ. ಮನೆ ಕಟ್ಟುವ ಖರ್ಚು ಒಕ್ಕಲಿನದು, ಗುತ್ತಿಗೆಯ ಹಣವನ್ನು ಮುಂಗಡವಾಗಿ ಕೊಡುವವನೂ ಅವನೇ. ಷರತ್ತು ಮುರಿದರೆ ನಿವೇಶನ ಕೈಬಿಡುತ್ತದೆ.

ಷರತ್ತುಗಳ ಪಟ್ಟಿ ಉದ್ದವಿತ್ತು. ಹೆಂಡದಂಗಡಿ ಇಲ್ಲ, ತಂಬಾಕು ಇಲ್ಲ, ಅಫೀಮು ಇಲ್ಲ, ಜೂಜಿಲ್ಲ. ನಾಟಕಶಾಲೆ, ನೃತ್ಯಶಾಲೆ, ಸರ್ಕಸ್ಸು ಕೂಡದು. ಹಂದಿ ಸಾಕುವಂತಿಲ್ಲ, ಹಂದಿಮಾಂಸ ಮಾರುವಂತಿಲ್ಲ, ಸಿಂಪಿ ತಿನ್ನುವಂತಿಲ್ಲ. ವೈದ್ಯರ ಬೋರ್ಡು ತೂಗಹಾಕುವಂತಿಲ್ಲ, ಔಷಧದ ಅಂಗಡಿ ತೆರೆಯುವಂತಿಲ್ಲ. ಗುಪ್ತ ಸಂಘಗಳ ಸದಸ್ಯರಿಗೆ ಪ್ರವೇಶವಿಲ್ಲ. ದುಡಿಮೆಯ ಹತ್ತರಲ್ಲಿ ಒಂದು ಪಾಲು ಸಭೆಗೆ. ಇದನ್ನೆಲ್ಲ ಒಪ್ಪಿ ಸಹಿ ಹಾಕಿ ಜನ ಬಂದರು. ಅಮೆರಿಕದ ನಾನಾ ರಾಜ್ಯಗಳಿಂದ, ಕೆನಡಾ, ಯೂರೋಪು, ಆಸ್ಟ್ರೇಲಿಯಾಗಳಿಂದ ಹೊಲಮನೆ ಮಾರಿ, ಗಂಟುಮೂಟೆ ಕಟ್ಟಿಕೊಂಡು ಬಂದರು. ಬಲವಂತವಾಗಿ ಯಾರನ್ನೂ ತಂದಿರಲಿಲ್ಲ ಎನ್ನುವುದನ್ನು ಮರೆಯಬಾರದು. ಕುಡುಕ ಗಂಡನಿಂದ ನೊಂದ ಹೆಂಗಸಿಗೆ, ಮಕ್ಕಳನ್ನು ಕಾರ್ಖಾನೆಯ ಕೊಳಕು ಬೀದಿಯಲ್ಲಿ ಬೆಳೆಸಲು ಅಂಜಿದ ಕೂಲಿಯವನಿಗೆ ಈ ಷರತ್ತುಗಳೇ ಆಕರ್ಷಣೆ.

ಆಗ ಊರಿನ ಸಮಾಜ ಹೇಗಿತ್ತು? ಎಲ್ಲರಿಗಿಂತ ಮೇಲೆ ಸರ್ವಾಧ್ಯಕ್ಷ, ಅಂದರೆ ಡೌಯಿ. ಅವನ ಕೆಳಗೆ ಸಭಾಧ್ಯಕ್ಷರು. ಹೆಂಡತಿ ಜೇನ್‌ಗೂ ಆ ಪದವಿ ಇತ್ತು. ಆಮೇಲೆ ಹಿರಿಯರು, ಸುವಾರ್ತಿಕರು, ಸಭಾಸೇವಕರು, ಸಭಾಸೇವಕಿಯರು. ಹೆಂಗಸರಿಗೂ ದೀಕ್ಷೆ ಕೊಡುವುದು ಆ ಕಾಲದ ಎಷ್ಟೋ ಚರ್ಚುಗಳಲ್ಲಿ ಕನಸಿನ ಮಾತು. ಇಲ್ಲಿ ನಿತ್ಯದ ಸಂಗತಿ. ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಸಾರುವವರ ಒಂದು ದೊಡ್ಡ ದಳವಿತ್ತು. ಸಮವಸ್ತ್ರ ತೊಟ್ಟ ಝಯಾನ್ ಕಾವಲು ಪಡೆ ಊರು ಕಾಯುತ್ತಿತ್ತು. ಭಾನುವಾರ ನೂರಾರು ಜನರ ಗಾಯಕವೃಂದ ಬಿಳಿ ನಿಲುವಂಗಿಯಲ್ಲಿ ಸಾಲಾಗಿ ಶೀಲೋ ಗುಡಾರಕ್ಕೆ ನಡೆದು ಬರುತ್ತಿತ್ತು. ಹೆಸರು ಗುಡಾರ, ಆದರೆ ಅದು ಸುಮಾರು 8,000 ಜನ ಕೂರುವ ಮರದ ಸಭಾಂಗಣ. ತೊಟ್ಟ ಅಂಗಿಯಿಂದಲೇ ಯಾರು ಯಾವ ಮೆಟ್ಟಿಲಿನವರು ಎಂದು ಹೇಳಬಹುದಿತ್ತು.

ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಸೀಟಿ ಕೂಗುತ್ತಿತ್ತು. ಕೂಗಿದ ಕ್ಷಣ ಯಾರು ಎಲ್ಲಿದ್ದರೂ ನಿಂತು ಪ್ರಾರ್ಥಿಸಬೇಕು. ಗಾಡಿ ಹೊಡೆಯುವವನು ಗಾಡಿ ನಿಲ್ಲಿಸಿದ, ಮಗ್ಗದವಳು ಮಗ್ಗ ನಿಲ್ಲಿಸಿದಳು. ದಾರಿಯಲ್ಲಿ ಸಿಕ್ಕವರು ನಿನಗೆ ಶಾಂತಿ ಎಂದರೆ, ಆ ಶಾಂತಿ ನಿನಗೆ ಇಮ್ಮಡಿಸಲಿ ಎಂಬರ್ಥದ ಮಾತು ಮರಳಿ ಬರಬೇಕು. ಶರಣು ಎಂದರೆ ಶರಣಾರ್ಥಿ ಎನ್ನುವ ಪದ್ಧತಿ ಗೊತ್ತಿರುವ ನಮಗೆ ಇದರಲ್ಲಿ ವಿಚಿತ್ರ ಕಾಣುವುದಿಲ್ಲ. ಹೊರಗಿನಿಂದ ಬಂದ ಪತ್ರಕರ್ತರಿಗೆ ಮಾತ್ರ ಇದು ದೊಡ್ಡ ತಮಾಷೆ.

ಡೌಯಿಯ ಪರವಾಗಿ ಹೇಳಲೇಬೇಕಾದ ಒಂದು ಮಾತಿದೆ. ಕಪ್ಪು ಜನರನ್ನು ಮರಕ್ಕೆ ನೇಣು ಹಾಕಿ ಅದರ ಫೋಟೋ ಮಾರುತ್ತಿದ್ದ ಕಾಲದ ಅಮೆರಿಕದಲ್ಲಿ ಅವನು ಕಪ್ಪು ಬಿಳಿ ಎಂಬ ಭೇದ ದೇವರಿಗೆ ಒಪ್ಪಿಗೆಯಿಲ್ಲ ಎಂದು ಬಹಿರಂಗವಾಗಿ ಸಾರಿದ. ಊರಿನಲ್ಲಿ ಕಪ್ಪು ಕುಟುಂಬಗಳಿದ್ದವು, ಮಕ್ಕಳು ಒಂದೇ ಶಾಲೆಗೆ ಹೋಗುತ್ತಿದ್ದರು, ಗುಡಾರದಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಹಾಗೆ ಕೂತರೆ ಜೀವ ಹೋಗುತ್ತಿತ್ತು.

ಹಾಗಾದರೆ ಮೇಲುಕೀಳು ಎಲ್ಲಿತ್ತು? ಲೆಕ್ಕದ ಪುಸ್ತಕದಲ್ಲಿತ್ತು. ಊರಿನ ಬ್ಯಾಂಕು, ಅಂಗಡಿ, ಮಿಠಾಯಿ ಕಾರ್ಖಾನೆ, ಅಚ್ಚುಕೂಟ, ಇಟ್ಟಿಗೆ ಮರಮಟ್ಟಿನ ವ್ಯಾಪಾರ, ಆರೂವರೆ ಸಾವಿರ ಎಕರೆ ನೆಲ, ಎಲ್ಲವೂ ಡೌಯಿಯ ಸ್ವಂತ ಹೆಸರಿನಲ್ಲಿತ್ತು. ಸಭೆಯ ಹೆಸರಿನಲ್ಲಲ್ಲ, ಟ್ರಸ್ಟಿನ ಹೆಸರಿನಲ್ಲಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಳುವವನು ದೇವರು, ಖಾತೆ ಮಾತ್ರ ಡೌಯಿಯದು. ಬೇರೆ ಬ್ಯಾಂಕುಗಳಲ್ಲಿರುವ ದುಡ್ಡನ್ನು ತೆಗೆದು ಝಯಾನ್ ಬ್ಯಾಂಕಿಗೆ ಹಾಕಿ ಎಂದು ಪೀಠದಿಂದಲೇ ಆಜ್ಞೆಯಾಗುತ್ತಿತ್ತು. ಹಾಕದವರ ಭಕ್ತಿಯ ಮೇಲೆ ಅನುಮಾನ. ಊರಿನವನೊಬ್ಬ ಡೌಯಿಯ ನೆಲದ ಮೇಲೆ ಮನೆ ಕಟ್ಟಿ, ಡೌಯಿಯ ಕಾರ್ಖಾನೆಯಲ್ಲಿ ದುಡಿದು, ಡೌಯಿಯ ಬ್ಯಾಂಕಿನಲ್ಲಿ ಉಳಿಸಿ, ಡೌಯಿಯ ಅಂಗಡಿಯಲ್ಲಿ ಅಕ್ಕಿಬೇಳೆ ಕೊಂಡು, ದುಡಿದದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಡೌಯಿಗೇ ಕೊಡುತ್ತಿದ್ದ. ಕೈ ಬಿಗಿಯಾದ ಮೇಲೆ ಕೂಲಿಯ ಒಂದು ಭಾಗ ಕೂಪನ್ ರೂಪದಲ್ಲಿ ಬರತೊಡಗಿತು. ಆ ಕೂಪನ್ ನಡೆಯುತ್ತಿದ್ದದ್ದು ಅದೇ ಅಂಗಡಿಯಲ್ಲಿ.

ಮನೆಗಳನ್ನು ನೋಡಿದರೂ ಸಾಕು. ಮೊದಲ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಟೆಂಟಿನಲ್ಲಿ, ಹಲಗೆ ಜೋಡಿಸಿದ ಗೂಡಿನಲ್ಲಿ ಚಳಿಗಾಲ ಕಳೆದವು. ಸರ್ವಾಧ್ಯಕ್ಷನ ಶೀಲೋ ನಿವಾಸಕ್ಕೆ 25 ಕೋಣೆ. ಬೇಸಿಗೆ ಕಳೆಯಲು ಸರೋವರದ ಆಚೆ ಮಿಷಿಗನ್ ರಾಜ್ಯದಲ್ಲಿ ಬೆನ್ ಮ್ಯಾಕ್‌ಡೂಯಿ ಎಂಬ ಇನ್ನೊಂದು ಬಂಗಲೆ. ಆ ಹೆಸರೂ ಸ್ಕಾಟ್ಲೆಂಡಿನ ಬೆಟ್ಟದ್ದೇ. ಗುರುವಿನ ವೈಭವ ನಮ್ಮದೇ ವೈಭವ ಎಂದು ಭಕ್ತರು ಬಹಳ ಕಾಲ ನಂಬಿದರು. ನಂಬಿಕೆ ಕುಸಿದದ್ದು ಬಂಗಲೆ ನೋಡಿ ಅಲ್ಲ, ಕೂಲಿ ತಡವಾದಾಗ.

ಊರಿನ ಮುಖ್ಯ ಉದ್ಯಮ ಲೇಸು, ಅಂದರೆ ಜಾಲರಿ ಬಟ್ಟೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಲೇಸಿಗೆ ಹೆಸರುವಾಸಿ. ಅಲ್ಲಿನ ಲೇಸು ಕಸುಬಿನ ಸ್ಯಾಮ್ಯುಯೆಲ್ ಸ್ಟೀವನ್‌ಸನ್ ಡೌಯಿಯ ಕುಟುಂಬದ ಹೆಣ್ಣನ್ನು ಮದುವೆಯಾಗಿದ್ದ. ಅವನ ಮೂಲಕ ಭಾರಿ ಯಂತ್ರಗಳನ್ನೂ ಕುಶಲಕರ್ಮಿಗಳನ್ನೂ ಹಡಗಿನಲ್ಲಿ ತರಿಸಿದರು. ಪಾಪವಿಲ್ಲದ ಊರಿನಲ್ಲಿ ಪಾಪವಿಲ್ಲದ ಲೇಸು ಎಂದು ಪಾಲು ಬಂಡವಾಳ ಎತ್ತಿದರು. ಅದೇ 1901ರಲ್ಲಿ ಆ ನೆಂಟನೇ ತನಗೆ ಮೋಸವಾಯಿತೆಂದು ಡೌಯಿಯ ಮೇಲೆ ದಾವೆ ಹಾಕಿದ. ಊರಿನ ಒಳಗಿನ ಲೆಕ್ಕಾಚಾರ ಹೊರಗಿನ ಕೋರ್ಟಿನಲ್ಲಿ ಮೊದಲ ಸಲ ಬಯಲಿಗೆ ಬಿದ್ದದ್ದು ಆಗ.

ಅದೇ ವರ್ಷ ಡೌಯಿ ತಾನೇ ಪುನಃ ಬಂದ ಎಲೀಯ ಪ್ರವಾದಿ ಎಂದು ಘೋಷಿಸಿಕೊಂಡ. ಕೆಲವರು ಬಿಟ್ಟು ಹೋದರು. ಹೆಚ್ಚಿನವರು ಎದ್ದು ನಿಂತು ಒಪ್ಪಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ಅವನ ಮಗಳು ಎಸ್ತರ್, ಕೂದಲು ಸುರುಳಿ ಮಾಡುವ ಕಡ್ಡಿ ಕಾಯಿಸುತ್ತಿದ್ದಾಗ ಸ್ಪಿರಿಟ್ ದೀಪದ ಬೆಂಕಿ ಬಟ್ಟೆಗೆ ತಗುಲಿ ತೀರಿಕೊಂಡಳು. ಆಲ್ಕೋಹಾಲಿನ ಯಾವ ವಸ್ತುವೂ ಮನೆಯಲ್ಲಿರಕೂಡದು ಎಂಬ ತನ್ನ ಆಜ್ಞೆಯನ್ನು ಮಗಳು ಮೀರಿದ್ದಳು ಎಂದು ಅಪ್ಪ ಸಭೆಯಲ್ಲಿ ಹೇಳಿದ. ಅಪ್ಪನ ಸಂಕಟ ಎಷ್ಟಿತ್ತೋ. ಆಳುವವನಿಗೆ ಆ ಮಾತು ಹೇಳದೆ ಗತಿಯಿರಲಿಲ್ಲ.

ಊರಿಗೆ ಚುನಾವಣೆಯೂ ಇತ್ತು. ಇಲಿನಾಯ್ ಕಾನೂನಿನ ಪ್ರಕಾರ ಪುರಸಭೆ ಆಗಬೇಕು, ಮೇಯರ್ ಇರಬೇಕು. ಡೌಯಿ ದೇವರಾಜ್ಯ ಪಕ್ಷ ಎಂಬುದನ್ನು ಹುಟ್ಟುಹಾಕಿದ. ಅಭ್ಯರ್ಥಿಗಳನ್ನು ತಾನೇ ಹೆಸರಿಸಿದ, ಅವರು ಗೆದ್ದರು. ಪ್ರಜಾಪ್ರಭುತ್ವದ ಅಂಗಿಯನ್ನು ಮಠದ ಮೈಮೇಲೆ ತೊಡಿಸಿದ ಹಾಗೆ. ಪುರಸಭೆಯ ಮುದ್ರೆಯ ಮೇಲೆ ಶಿಲುಬೆ, ಪಾರಿವಾಳ, ಕತ್ತಿ, ಕಿರೀಟ, ಜೊತೆಗೆ ದೇವರು ಆಳುತ್ತಾನೆ ಎಂಬ ಘೋಷಣೆ.

ಈ ಹೊತ್ತಿನಲ್ಲಿ ಪಂಜಾಬಿನ ಗುರುದಾಸ್‌ಪುರ ಜಿಲ್ಲೆಯ ಖಾದಿಯಾನದಿಂದ ಒಂದು ಸವಾಲು ಬಂತು. ಮುಸ್ಲಿಮರು ನಾಶವಾಗುತ್ತಾರೆಂದು ಡೌಯಿ ತನ್ನ ಪತ್ರಿಕೆಯಲ್ಲಿ ಭವಿಷ್ಯ ನುಡಿಯುತ್ತಿದ್ದ. ಅಹ್ಮದೀಯ ಪಂಥದ ಸ್ಥಾಪಕ ಮಿರ್ಜಾ ಗುಲಾಂ ಅಹ್ಮದರು 1902ರಲ್ಲಿ ಅದಕ್ಕೆ ಉತ್ತರ ಬರೆದರು: ಎಲ್ಲ ಮುಸ್ಲಿಮರನ್ನು ಸಾಯಿಸುವುದೇಕೆ, ನಮ್ಮಿಬ್ಬರಲ್ಲಿ ಸುಳ್ಳುಗಾರ ಯಾರೋ ಅವನು ಮೊದಲು ಸಾಯಲಿ ಎಂದು ಇಬ್ಬರೂ ಪ್ರಾರ್ಥಿಸೋಣ. ಅಮೆರಿಕದ ಪತ್ರಿಕೆಗಳಿಗೆ ಇದು ಹಬ್ಬ. ಡೌಯಿ ಅದನ್ನು ನೊಣ ಸೊಳ್ಳೆಯ ಸದ್ದೆಂಬಂತೆ ಕಡೆಗಣಿಸಿದ. ಒಬ್ಬ ತಾನು ಎಲೀಯ ಎಂದವನು, ಇನ್ನೊಬ್ಬರು ತಾವು ಮಸೀಹ ಎಂದವರು; ನಡುವೆ ಎರಡು ಸಾಗರ.

1903ರ ಅಕ್ಟೋಬರಿನಲ್ಲಿ ಡೌಯಿ ನ್ಯೂಯಾರ್ಕನ್ನು ಉದ್ಧಾರ ಮಾಡಲು ಹೊರಟ. ಎಂಟು ವಿಶೇಷ ರೈಲು, ಸುಮಾರು 3,000 ಭಕ್ತರು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಾಡಿಗೆಗೆ. ಕುತೂಹಲಕ್ಕೆ ಕಿಕ್ಕಿರಿದು ಬಂದ ಜನ ಬೋಧನೆ ನಡೆಯುತ್ತಿರುವಾಗಲೇ ಗುಂಪುಗುಂಪಾಗಿ ಎದ್ದು ಹೋದರು. ಖರ್ಚು ಮಾತ್ರ ಊರಿನ ಕೈಕಾಲು ಮುರಿಯಿತು. ಡಿಸೆಂಬರಿನಲ್ಲಿ ಸಾಲ ಕೊಟ್ಟವರ ಅರ್ಜಿಯ ಮೇಲೆ ಕೋರ್ಟು ಊರನ್ನು ಸ್ವಲ್ಪ ಕಾಲ ರಿಸೀವರ್, ಅಂದರೆ ತಾನೇ ನೇಮಿಸಿದ ಆಡಳಿತಗಾರನ ಕೈಗೆ ಕೊಟ್ಟಿತು. ಹೇಗೋ ಬಿಡಿಸಿಕೊಂಡ. 1904ರಲ್ಲಿ ವಿಶ್ವಪ್ರವಾಸ ಮುಗಿಸಿ ಬಂದು, ಬೈಬಲ್ಲಿನ ಆರೋನನ ಉಡುಪಿನ ಮಾದರಿಯ ಮಹಾಯಾಜಕನ ಅಂಗಿ ತೊಟ್ಟು, ತಾನೇ ಮೊದಲನೆಯ ಅಪೊಸ್ತಲ ಎಂದು ಸಾರಿಕೊಂಡ. ಖ್ಯಾತಿಗೇನೂ ಕೊರತೆಯಿರಲಿಲ್ಲ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯಲ್ಲಿ 1904ರ ಜೂನ್ 16ರಂದು ಡಬ್ಲಿನ್ ಬೀದಿಯಲ್ಲಿ ಕಥಾನಾಯಕ ಬ್ಲೂಮ್‌ನ ಕೈಗೆ ಬರುವ ಕರಪತ್ರ ಇದೇ ಡೌಯಿಯ ಹೆಸರಿನದು. ಬ್ಲೂಮ್ ಅದನ್ನು ಮುದ್ದೆ ಮಾಡಿ ಲಿಫಿ ನದಿಗೆ ಎಸೆಯುತ್ತಾನೆ.

1905ರ ಸೆಪ್ಟೆಂಬರಿನಲ್ಲಿ ಗುಡಾರದ ವೇದಿಕೆಯ ಮೇಲೇ ಡೌಯಿಗೆ ಲಕ್ವ ಹೊಡೆಯಿತು. ಸಾವಿರಾರು ರೋಗಿಗಳಿಗೆ ಕೈಯಿಟ್ಟು ಪ್ರಾರ್ಥಿಸಿದವನು ಎದ್ದು ನಡೆಯಲಾರದಾದ. ಬಿಸಿಲಿನ ದೇಶ ಒಳ್ಳೆಯದೆಂದು ಜಮೈಕಾ, ಮೆಕ್ಸಿಕೊ ಕಡೆ ಹೊರಟ. ಮೆಕ್ಸಿಕೊದಲ್ಲಿ ಇನ್ನೊಂದು ಊರು ಕಟ್ಟುವ ಯೋಜನೆ ಆಗಲೂ ತಲೆಯಲ್ಲಿತ್ತು. ಊರು ನೋಡಿಕೊಳ್ಳಲು ಆಸ್ಟ್ರೇಲಿಯಾದಲ್ಲಿದ್ದ ಸಭಾಧ್ಯಕ್ಷ ವಿಲ್ಬರ್ ಗ್ಲೆನ್ ವೊಲಿವಾನನ್ನು ಕರೆಸಿ ಅಧಿಕಾರಪತ್ರ ಬರೆದುಕೊಟ್ಟ. ವೊಲಿವಾ 1906ರ ಆರಂಭದಲ್ಲಿ ಬಂದ, ಲೆಕ್ಕ ಬಿಚ್ಚಿ ನೋಡಿದ, ಏಪ್ರಿಲ್‌ನಲ್ಲಿ ಗುರುವನ್ನೇ ಪದಚ್ಯುತಗೊಳಿಸಿದ. ದುಂದುವೆಚ್ಚ, ಅಪಾರ ಸಾಲ, ಬಹುಪತ್ನೀತ್ವದ ಬೋಧನೆ ಎಂದೆಲ್ಲ ಆರೋಪ. ಡೌಯಿ ಗಡಿಬಿಡಿಯಲ್ಲಿ ಶಿಕಾಗೊಗೆ ಓಡಿ ಬಂದು ಕೋರ್ಟಿನ ಮೆಟ್ಟಿಲು ಹತ್ತಿದ. ಅವನ ವಾದ ಒಂದೇ: ಎಲ್ಲ ನನ್ನ ಹೆಸರಿನಲ್ಲಿದೆ.

ಪ್ರಕರಣ ಬಂದದ್ದು ಫೆಡರಲ್ ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್ ಮುಂದೆ. ಮುಂದೆ ಅಮೆರಿಕದ ಬೇಸ್‌ಬಾಲ್ ಆಟದ ಮೊದಲ ಕಮಿಷನರ್ ಆಗಿ ಹೆಸರಾದವರು ಇವರೇ. ಖಾತೆ ಡೌಯಿಯ ಹೆಸರಿನಲ್ಲಿದ್ದರೂ ಹಣ ಕೊಟ್ಟವರು ಸಭೆಗೆಂದು ಕೊಟ್ಟರು. ಆದ್ದರಿಂದ ಆತ ಒಡೆಯನಲ್ಲ, ಭಕ್ತರ ಪರವಾಗಿ ಆಸ್ತಿ ಇಟ್ಟುಕೊಂಡಿದ್ದವನು ಮಾತ್ರ ಎಂದು ಅವರು ತೀರ್ಪು ಕೊಟ್ಟರು. ಮುಖ್ಯಸ್ಥ ಯಾರೆಂದು ಊರೇ ಮತ ಹಾಕಿ ತೀರ್ಮಾನಿಸಲಿ ಎಂದೂ ಆದೇಶವಾಯಿತು. ಸೆಪ್ಟೆಂಬರಿನ ಮತದಾನದಲ್ಲಿ ವೊಲಿವಾ ಭಾರಿ ಅಂತರದಿಂದ ಗೆದ್ದ. ನನ್ನ ದೃಷ್ಟಿಯಲ್ಲಿ ಈ ಊರಿನ ಚರಿತ್ರೆಯಲ್ಲಿ ಇಷ್ಟು ದೊಡ್ಡ ಘಟನೆ ಇನ್ನೊಂದಿಲ್ಲ. ದೇವರು ಆಳುವ ಊರಿನ ಒಡೆತನ ಯಾರದೆಂದು ಕೊನೆಗೆ ಹೇಳಿದ್ದು ಸಂಬಳ ಪಡೆಯುವ ಸರ್ಕಾರಿ ನ್ಯಾಯಾಧೀಶ, ಅದೂ ದೇವರ ಮಾತೆತ್ತದೆ, ಟ್ರಸ್ಟ್ ಕಾನೂನಿನ ಬಲದಿಂದ. 1907ರ ಮಾರ್ಚ್ 9ರಂದು ಡೌಯಿ ಶೀಲೋ ನಿವಾಸದಲ್ಲಿ ಸತ್ತ. ಮಿರ್ಜಾ ಗುಲಾಂ ಅಹ್ಮದರು ತೀರಿಕೊಂಡದ್ದು 1908ರ ಮೇಯಲ್ಲಿ, ಲಾಹೋರಿನಲ್ಲಿ.

ಗುರು ಹೋದ, ಗುರುಪೀಠ ಉಳಿಯಿತು. ಸಾಲ ತೀರಿಸಲು ಕೋರ್ಟು ನೇಮಿಸಿದ ರಿಸೀವರ್ ನೆಲವನ್ನು ಮಾರತೊಡಗಿದ. ಲೇಸಿನ ಕಾರ್ಖಾನೆ ಶಿಕಾಗೊದ ಮಾರ್ಷಲ್ ಫೀಲ್ಡ್ ಕಂಪನಿಯ ಪಾಲಾಯಿತು. 1,100 ವರ್ಷದ ಗುತ್ತಿಗೆಯ ಊರಿನಲ್ಲಿ ಆರೇಳು ವರ್ಷಕ್ಕೇ ಕ್ರಯಪತ್ರ ಕಾಲಿಟ್ಟಿತು. ಸಭೆಗೆ ಸೇರದವರು ನಿವೇಶನ ಕೊಂಡು ಬಂದರು. ಇವರಿಗೆ ಸ್ವತಂತ್ರರು ಎಂದು ಹೆಸರು. ಅಲ್ಲಿಗೆ ಊರು ಎರಡು ಪಂಗಡವಾಯಿತು: ಒಂದು ಕಡೆ ದೇವರಾಜ್ಯದವರು, ಇನ್ನೊಂದು ಕಡೆ ಸ್ವತಂತ್ರರು. ವೊಲಿವಾ ಹಟವಾದಿ. 1910ರ ಹೊತ್ತಿಗೆ ಉಳಿದ ಆಸ್ತಿಯನ್ನು ಸಭೆಗೆ ಮರಳಿ ಕೊಂಡ. ಬಿಸ್ಕತ್ತು ಕಾರ್ಖಾನೆ ನಡೆಸಿದ. ಝಯಾನಿನ ಅಂಜೂರದ ಬಿಸ್ಕತ್ತು ದೇಶದ ತುಂಬ ಮಾರಾಟವಾಯಿತು. ಸ್ವತಂತ್ರರ ಮನೆಗಳಿಗೆ ಕಾಣುವ ಹಾಗೆ ಖಾಲಿ ಜಾಗಗಳಲ್ಲಿ ಬಯ್ಗುಳದ ದೊಡ್ಡ ಫಲಕ ನಿಲ್ಲಿಸಿದ. ತಂಬಾಕು ಸೇದುವ ಕಾರ್ಮಿಕರಿದ್ದ ಕಾರ್ಖಾನೆಯೊಂದರ ಬಾಗಿಲಲ್ಲಿ ಅವನ ಭಕ್ತರು ಗುಂಪು ಸೇರಿ ಭಜನೆ ಮಾಡಿದರು, ಕೊನೆಗೆ ಪೊಲೀಸರ ಜೊತೆ ಹೊಡೆದಾಟವಾಯಿತು. ಬೀದಿಯಲ್ಲಿ ಸಿಗರೇಟು ಹಚ್ಚಿದವನಿಗೆ ದಂಡ. ಹೆಂಗಸರು ತೋಳು ಕಾಣುವ ರವಿಕೆ ತೊಡುವಂತಿಲ್ಲ.

ವೊಲಿವಾನ ಹೆಸರು ಇಂದಿಗೂ ಕೇಳಿಬರುವುದು ಬೇರೊಂದು ಕಾರಣಕ್ಕೆ. ಭೂಮಿ ಚಪ್ಪಟೆ ಎಂದು ಅವನು ಸಾರಿದ. ದಕ್ಷಿಣ ಧ್ರುವ ಎಂಬುದಿಲ್ಲ. ತಟ್ಟೆಯ ಅಂಚಿಗೆ ಸುತ್ತಲೂ ಹಿಮದ ಗೋಡೆಯಿದೆ. ಸೂರ್ಯ 32 ಮೈಲಿ ಅಗಲದ ದೀಪ, ಇಲ್ಲಿಂದ ಸುಮಾರು 3,000 ಮೈಲಿ ದೂರ. ಭೂಮಿ ಗುಂಡಗಿದೆ ಎಂದು ತೋರಿಸಿದವರಿಗೆ 5,000 ಡಾಲರ್ ಬಹುಮಾನ. ತೋರಿಸಿದ್ದು ಸರಿಯೇ ಎಂದು ತೀರ್ಮಾನಿಸುವವನು ಅವನೇ. ಸಭೆಯ ಶಾಲೆಯ ಮಕ್ಕಳು ಇದನ್ನೇ ಕಲಿತರು. 1923ರಲ್ಲಿ ಡಬ್ಲ್ಯು.ಸಿ.ಬಿ.ಡಿ. ಎಂಬ ಸ್ವಂತ ರೇಡಿಯೋ ಕೇಂದ್ರ ತೆರೆದು ಚಪ್ಪಟೆ ಭೂಮಿಯನ್ನು ಗಾಳಿಯ ಅಲೆಗಳ ಮೇಲೆ ಪ್ರಸಾರ ಮಾಡಿದ. ಲೋಕದ ಅಂತ್ಯಕ್ಕೆ ಹಲವು ಸಲ ತಾರೀಖು ಕೊಟ್ಟ. ಬ್ರೆಜಿಲ್ ಬೀಜ ಮತ್ತು ಮಜ್ಜಿಗೆ ಸೇವಿಸಿ 120 ವರ್ಷ ಬದುಕುತ್ತೇನೆ ಎಂದ. ಆರ್ಥಿಕ ಮಹಾಕುಸಿತ ಬಂದು ಉದ್ಯಮಗಳು ದಿವಾಳಿಯಾದವು. 1930ರ ದಶಕದ ನಡುವಿನ ಚುನಾವಣೆಗಳಲ್ಲಿ ದೇವರಾಜ್ಯದವರು ಸೋತರು. 1937ರಲ್ಲಿ ಶೀಲೋ ಗುಡಾರ ಬೆಂಕಿಗೆ ಆಹುತಿಯಾಯಿತು, ಹಚ್ಚಿದವನು ಅಸಮಾಧಾನಗೊಂಡ ಒಬ್ಬ ಕೆಲಸಗಾರ. ವೊಲಿವಾ 1942ರಲ್ಲಿ, 72ನೆಯ ವಯಸ್ಸಿನಲ್ಲಿ ತೀರಿಕೊಂಡ.

ಊರಿನಲ್ಲಿ ಸೊರಗಿದ ಬಳ್ಳಿ ಬೇರೆ ಖಂಡದಲ್ಲಿ ಹಬ್ಬಿತು. 1904ರಲ್ಲಿ ಡೌಯಿ ಕಳಿಸಿದ ಡೇನಿಯಲ್ ಬ್ರಯಂಟ್ ಜೊಹಾನ್ಸ್‌ಬರ್ಗಿಗೆ ಹೋಗಿ ದೀಕ್ಷಾಸ್ನಾನ ಮಾಡಿಸಿದ. ವಾಕರ್‌ಸ್ಟ್ರೂಮ್ ಪಟ್ಟಣದ ಪೀಟರ್ ಲೆ ರೂ ಎಂಬ ಪಾದ್ರಿ ತನ್ನ ಆಫ್ರಿಕನ್ ಅನುಯಾಯಿಗಳೊಡನೆ ಝಯಾನಿಗೆ ಸೇರಿಕೊಂಡಿದ್ದ. ಬಿಳಿಯ ನಾಯಕರು ಬೇಗನೆ ಬೇರೆ ಸಭೆಗಳಿಗೆ ಹೋದರು. ಆಫ್ರಿಕನ್ನರು ಬಿಡಲಿಲ್ಲ, ಹೆಸರು, ನಿಲುವಂಗಿ, ಪ್ರಾರ್ಥನೆಯ ಚಿಕಿತ್ಸೆ, ಹಂದಿಮಾಂಸ ತಂಬಾಕುಗಳ ನಿಷೇಧ ಎಲ್ಲವನ್ನೂ ಉಳಿಸಿಕೊಂಡು ತಮ್ಮದೇ ಸಭೆ ಕಟ್ಟಿಕೊಂಡರು. ಎಂಗೆನಾಸ್ ಲೆಕಾನ್ಯಾನೆ ಸ್ಥಾಪಿಸಿದ ಝಯಾನ್ ಕ್ರಿಶ್ಚಿಯನ್ ಚರ್ಚ್ ಆ ಪರಂಪರೆಯ ಒಂದು ಕವಲು. ಲಿಂಪೋಪೋ ಪ್ರಾಂತ್ಯದ ಮೋರಿಯಾದಲ್ಲಿ ಈಸ್ಟರ್ ಹಬ್ಬಕ್ಕೆ ಅವರದು ಮಹಾಜಾತ್ರೆ. ದಕ್ಷಿಣ ಆಫ್ರಿಕಾದಲ್ಲಿ ಈ ಕವಲುಗಳ ಭಕ್ತರು ಲಕ್ಷಾಂತರ. ಅವರಲ್ಲಿ ಬಹುಪಾಲು ಜನಕ್ಕೆ ಮಿಷಿಗನ್ ಸರೋವರದ ದಂಡೆಯ ಈ ಊರಿನ ಸುದ್ದಿಯೇ ಗೊತ್ತಿರಲಾರದು. ಡೌಯಿ ನೆಟ್ಟ ಗಿಡಗಳಲ್ಲಿ ಚೆನ್ನಾಗಿ ಬೆಳೆದದ್ದು ಅವನ ಖಾತೆಯಲ್ಲಿಲ್ಲದ ಈ ಗಿಡವೇ.

ಮುಂದಿನ ಕಥೆ ಅಮೆರಿಕದ ಯಾವುದೇ ಸಣ್ಣ ಪಟ್ಟಣದ್ದು. ಸರೋವರದ ದಂಡೆಯಲ್ಲಿ ಅಣು ವಿದ್ಯುತ್ ಸ್ಥಾವರ ಬಂತು. 1973ರಿಂದ 1998ರವರೆಗೆ ನಡೆಯಿತು. ಊರಿನ ತೆರಿಗೆಯ ದೊಡ್ಡ ಪಾಲು ಅದರಿಂದಲೇ ಬರುತ್ತಿತ್ತು. ಬಾಗಿಲು ಮುಚ್ಚಿದ ಮೇಲೆ ಉಳಿದವರ ಮನೆಗಂದಾಯ ಏರಿತು. ಸ್ಥಾವರವನ್ನು ಕೆಡವಿದ್ದಾರೆ, ಉರಿದ ಇಂಧನ ಸುಮಾರು ಸಾವಿರ ಟನ್, ಕಾಂಕ್ರೀಟಿನ ಪೀಪಾಯಿಗಳಲ್ಲಿ ಅಲ್ಲೇ ನಿಂತಿದೆ, ಬೇರೆಲ್ಲೂ ಅದಕ್ಕೆ ಜಾಗ ಸಿಕ್ಕಿಲ್ಲ. ಪುರಸಭೆಯ ಮುದ್ರೆಯ ಶಿಲುಬೆ ಸಂವಿಧಾನಕ್ಕೆ ವಿರುದ್ಧ ಎಂದು ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಹೇಳಿತು. ಪುರಸಭೆ ಹೊಸ ಮುದ್ರೆ ಮಾಡಿಸಿಕೊಂಡು, ಡಾಲರ್ ನೋಟಿನ ಮೇಲಿರುವ ದೇವರ ಮೇಲಿನ ನಂಬಿಕೆಯ ವಾಕ್ಯವನ್ನು ಅದರಲ್ಲಿ ಹಾಕಿಸಿತು. ದೇಶದ ನೋಟಿನಲ್ಲೇ ಇರುವುದಕ್ಕೆ ಯಾರು ತಕರಾರು ಮಾಡುತ್ತಾರೆ? ಜಾಣ ಉಪಾಯ. ಈಗ ಜನಸಂಖ್ಯೆ 24 ಸಾವಿರಕ್ಕೆ ಮೇಲೆ. ಕಪ್ಪು ಜನ ಮತ್ತು ಹಿಸ್ಪಾನಿಕ್ ಜನ ಸೇರಿ ಬಹುಸಂಖ್ಯಾತರು.

2022ರ ಅಕ್ಟೋಬರ್ 1ರಂದು ಅಹ್ಮದೀಯರ ಐದನೆಯ ಖಲೀಫ ಮಿರ್ಜಾ ಮಸ್ರೂರ್ ಅಹ್ಮದ್ ಝಯಾನಿನಲ್ಲಿ ಹೊಸ ಮಸೀದಿಯೊಂದನ್ನು ಉದ್ಘಾಟಿಸಿದರು. ಅವರು ಖಾದಿಯಾನದ ಮಿರ್ಜಾ ಅವರ ಮರಿಮಗ. ಮಸೀದಿಯ ಹೆಸರು ಫತ್ಹ್-ಎ-ಅಜೀಮ್, ಅಂದರೆ ಮಹಾವಿಜಯ. ಊರಿನ ಮೇಯರ್ ಊರಿನ ಕೀಲಿಯನ್ನು ಅವರ ಕೈಗಿತ್ತು ಗೌರವಿಸಿದರು.

ಶಿಕಾಗೊದಲ್ಲಿರುವ ಮಕ್ಕಳ ಮನೆಗೆ ಹೋಗುವ ಕನ್ನಡದ ಅಪ್ಪ ಅಮ್ಮಂದಿರು ವಿವೇಕಾನಂದರು ಮಾತಾಡಿದ ಜಾಗ ನೋಡಿ ಬರುವುದು ವಾಡಿಕೆ. ಇನ್ನೊಂದು ದಿನ ಬಿಡುವಿದ್ದರೆ ಒಗಿಲ್ವಿ ನಿಲ್ದಾಣದಲ್ಲಿ ಕೆನೋಷಾ ಕಡೆಗೆ ಹೋಗುವ ಮೆಟ್ರಾ ರೈಲು ಹತ್ತಿ ಝಯಾನಿನಲ್ಲಿ ಇಳಿಯಿರಿ. ಶೀಲೋ ನಿವಾಸ ಈಗ ಸ್ಥಳೀಯ ಇತಿಹಾಸ ಸಂಘದ ವಸ್ತುಸಂಗ್ರಹಾಲಯ. ಎಲ್ಲ ದಿನವೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಂಡು ಹೋಗಿ.